ಹಳೆಯ ಮೋಟಾರಿಗೆ ಹೊಸ ಕಿಡಿಯೇಕೆ?



ಕಳೆದ ವರ್ಷದ ಚರ್ಚಾಕೂಟದಲ್ಲಿ ‘ಹಳೆಯ ವಸ್ತುಗಳನ್ನು ಇದ್ದುದಿದ್ದಂತೆಯೇ ಕಾಪಾಡಬೇಕು’ ಎಂಬ ವಿಷಯವನ್ನು ನಿಮಗೆ ಕೊಟ್ಟಿದ್ದೆವಷ್ಟೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ನಮ್ಮ ಮುಂಬಯಿಯ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಯ ಉದಾಹರಣೆಯನ್ನೆತ್ತಿಕೊಂಡು, ಅದರ ಒಂದು ತಿರುಪನ್ನು ಬದಲಿಸಿದರೂ ಅದು ಪದ್ಮಿನಿಯಾಗಿ ಉಳಿಯದು ಎಂದು ವಾದಿಸಿ ಬಹುಮಾನವನ್ನು ಗೆದ್ದನು. ತೀರ್ಪುಗಾರರಲ್ಲಿ ನಾನೂ ಒಬ್ಬನು. ಬಹುಮಾನವು ಅವನಿಗೆ ಸಂದುದು ನ್ಯಾಯವೇ; ಅವನ ಕನ್ನಡವು ಸ್ಪಷ್ಟವಾಗಿತ್ತು, ದನಿಯಲ್ಲಿ ನಂಬಿಕೆಯಿತ್ತು. ಆದರೆ ಅವನ ಮತವು ನನ್ನ ಮತವಲ್ಲ. ತೀರ್ಪುಗಾರನ ಕುರ್ಚಿಯಲ್ಲಿ ಕುಳಿತವನು ಎದ್ದು ವಾದಿಸುವುದು ಸಭ್ಯತೆಯಲ್ಲವೆಂದು ಅಂದು ಸುಮ್ಮನಿದ್ದೆನು. ಅಂದು ಹೇಳದೆ ಉಳಿಸಿಕೊಂಡುದನ್ನು ಈ ಸಂಚಿಕೆಯಲ್ಲಿ ಹೇಳಿಬಿಡುತ್ತೇನೆ. ಆ ಹುಡುಗನು ಇದನ್ನು ಓದಿ ಉತ್ತರ ಬರೆದರೆ ನನಗೆ ಸಂತೋಷವೇ.

ಪದ್ಮಿನಿಯ ವಿಚಾರದಲ್ಲಿ ಬಾಯಿ ಹಾಕಲು ನನಗೇನು ಅಧಿಕಾರವೆಂದು ನೀವು ಕೇಳಬಹುದು. ನಿಮ್ಮಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೊಂದುಂಟು. ಕುಂದಾಪುರದ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ನಾನು 2007ರಲ್ಲಿ ಈ ನಗರಕ್ಕೆ ಬಂದಾಗ, ಮೊದಲು ನನ್ನ ಕೈಗೆ ಬಂದುದು ಸೀಮೆಸುಣ್ಣವಲ್ಲ, ಸ್ಪ್ಯಾನರು. ಹಗಲು ಕುರ್ಲಾದ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ, ರಾತ್ರಿ ಓದು. ಗ್ಯಾರೇಜಿನ ಯಜಮಾನರು ನಮ್ಮೂರಿನ ಕಡೆಯವರೇ. ಹುಡುಗರಾದ ನಾವೆಲ್ಲ ಅವರನ್ನು ‘ಮೇಸ್ತ್ರಿ ಮಾವ’ ಎಂದು ಕರೆಯುತ್ತಿದ್ದೆವು. ಐದು ವರ್ಷ ಅವರ ಕೈಕೆಳಗೆ ದುಡಿದು, ಆಮೇಲೆ ಪದವಿ, ಬಿ.ಎಡ್. ಮುಗಿಸಿ ಮಾಸ್ತರನಾದೆನು. ಉಗುರಿನ ಸಂದಿನ ಗ್ರೀಸು ಹೋಗಲು ಒಂದು ವರ್ಷ ಹಿಡಿಯಿತು.

ಕುರ್ಲಾ ಎಂದರೆ ಪದ್ಮಿನಿಯ ತವರು. ಇಟಲಿಯ ಫಿಯಟ್ 1100 ಡಿ ಎಂಬ ಮಾದರಿಯನ್ನು ಅಲ್ಲಿಯ ಪ್ರೀಮಿಯರ್ ಕಾರಖಾನೆಯಲ್ಲಿ 1964ರಿಂದ ತಯಾರಿಸತೊಡಗಿದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂಬ ಹೆಸರಾಯಿತು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಕಟ್ಟಕಡೆಯ ಪದ್ಮಿನಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಷ್ಯವೆಂಬ ನಿಯಮದಂತೆ 2023ರ ಅಕ್ಟೋಬರ್ 30ರಿಂದ ಅವು ಬಾಡಿಗೆಗೆ ಓಡುವುದು ನಿಂತುಹೋಯಿತು. ಖಾಸಗಿಯಾಗಿ ಇಟ್ಟುಕೊಂಡವರ ಮನೆಗಳಲ್ಲಿ ಇನ್ನೂ ಕೆಲವು ಉಳಿದಿವೆ. ಮೇಸ್ತ್ರಿ ಮಾವನವರದೂ ಅಂಥದೊಂದು, ಬಿಳಿ ಬಣ್ಣದ್ದು. ಈ ಲೇಖನವೆಲ್ಲ ಆ ಬಿಳಿಯ ಗಾಡಿಯ ಒಂದು ಹಿಡಿಯಷ್ಟು ಭಾಗವನ್ನು ಕುರಿತದ್ದು.

ಪೆಟ್ರೋಲ್ ಎಂಜಿನು ನಡೆಯಬೇಕಾದರೆ ಅದರ ಕೊಳವೆಯೊಳಗೆ ತಕ್ಕ ಹೊತ್ತಿಗೆ ಕಿಡಿ ಹಾರಬೇಕು. ಬ್ಯಾಟರಿಯಲ್ಲಿರುವುದು 12 ವೋಲ್ಟ್ ಮಾತ್ರ. ಪ್ಲಗ್ಗಿನ ಸಂದಿನಲ್ಲಿ ಕಿಡಿ ಜಿಗಿಯಲು ಹತ್ತು ಇಪ್ಪತ್ತು ಸಾವಿರ ವೋಲ್ಟ್ ಬೇಕು. ಈ ಅಂತರವನ್ನು ತುಂಬುವ ಉಪಾಯವು ನಿಮ್ಮ ಹತ್ತನೆಯ ತರಗತಿಯ ಪಾಠದಲ್ಲಿಯೇ ಇದೆ. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತೀರಲ್ಲವೇ? ಪ್ರತಿಯೊಂದು ಮೋಟಾರಿನ ಮೂತಿಯೊಳಗೂ ಅದೇ ಪಾಠ ನಡೆಯುತ್ತಿರುತ್ತದೆ. ಒಂದು ಕಬ್ಬಿಣದ ತಿರುಳು. ಅದರ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಒಂದು ಸುರುಳಿ, ಕೂದಲೆಳೆಯಂಥ ತಂತಿಯ ಅದರ ನೂರ್ಮಡಿ ಸುತ್ತುಗಳ ಇನ್ನೊಂದು ಸುರುಳಿ. ಇದನ್ನು ಕಾಯಿಲ್ ಎನ್ನುವರು. ದಪ್ಪ ಸುರುಳಿಯಲ್ಲಿ ಮೂರು ನಾಲ್ಕು ಆಂಪಿಯರ್ ಪ್ರವಾಹವು ಹರಿಯುತ್ತಿರುವಾಗ ಅದನ್ನು ಫಕ್ಕನೆ ಕಡಿದರೆ, ತಿರುಳಿನ ಕಾಂತತ್ವವು ಕುಸಿದು, ಸಣ್ಣ ತಂತಿಯ ಸುರುಳಿಯಲ್ಲಿ ಆ ಸಾವಿರಾರು ವೋಲ್ಟು ಚಿಮ್ಮುತ್ತದೆ. ಕಿಡಿಯು ಹುಟ್ಟುವುದು ಪ್ರವಾಹವನ್ನು ಕೊಟ್ಟಾಗಲ್ಲ, ಕಡಿದಾಗ. ಈ ಒಂದು ಮಾತನ್ನು ಅರ್ಥ ಮಾಡಿಕೊಂಡವನಿಗೆ ಮುಂದಿನದೆಲ್ಲ ಸುಲಭ.

ಕಡಿಯುವ ಕೆಲಸ ಯಾರದು? ಅದು ಪಾಯಿಂಟಿನದು. ಗ್ಯಾರೇಜಿನ ಭಾಷೆಯಲ್ಲಿ ಸಿ.ಬಿ. ಪಾಯಿಂಟ್. ಕಡಲೆಬೇಳೆಗಿಂತ ಚಿಕ್ಕದಾದ ಎರಡು ಟಂಗ್‌ಸ್ಟನ್ ಗುಂಡಿಗಳು. ಒಂದು ನಿಂತದ್ದು, ಇನ್ನೊಂದು ಸ್ಪ್ರಿಂಗಿನ ತೋಳಿನ ಮೇಲೆ ಕುಳಿತದ್ದು. ನಡುವೆ ತಿರುಗುವ ದಂಡಕ್ಕೆ ನಾಲ್ಕು ಮೂಲೆಗಳು. ತೋಳಿನ ಹಿಮ್ಮಡಿಯು ಆ ಮೂಲೆಗಳಿಗೆ ಉಜ್ಜುತ್ತಿದ್ದು, ಪ್ರತಿ ಮೂಲೆಗೂ ಗುಂಡಿಗಳು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದೊಡನೆ ಕಿಡಿ. ಜೊತೆಗೆ ಕಂಡೆನ್ಸರ್ ಎಂಬ ಬೆರಳ ತುದಿಯಷ್ಟರ ಒಂದು ಡಬ್ಬಿ ಇರುತ್ತದೆ. ಗುಂಡಿಗಳು ಬಿಚ್ಚುವಾಗ ಪ್ರವಾಹವು ಸಂದಿನಲ್ಲಿ ಜಿಗಿದು ಅವನ್ನೇ ಸುಡದಂತೆ ಅದು ತಡೆಯುತ್ತದೆ. ಕಂಡೆನ್ಸರ್ ಸತ್ತರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿಯು ಪಾಯಿಂಟಿನಲ್ಲಿಯೇ ಹಾರಿ ವ್ಯರ್ಥವಾಗುತ್ತದೆ.

ಈ ಏರ್ಪಾಟನ್ನು ಮೋಟಾರಿಗೆ ಹೊಂದಿಸಿ ಕೊಟ್ಟವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವನು. 1910ರ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಅದು ಬಂದಿತು. ಅವನೂ ಅವನ ಜೊತೆಗಾರರೂ ಡೇಟನ್ ಎಂಬ ಊರಿನಲ್ಲಿ ಕಟ್ಟಿದ ಕಂಪೆನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಡೆಲ್ಕೋ’ ಎಂದಾಗುತ್ತದೆ. ನಮ್ಮ ದೇಶದ ಗ್ಯಾರೇಜುಗಳಲ್ಲಿ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ಈಗಲೂ ‘ಡೆಲ್ಕೋ’ ಎಂದೇ ಕರೆಯುವರು. ಆ ಹೆಸರು ಎಲ್ಲಿಂದ ಬಂತೆಂದು ನಾನು ಮೇಸ್ತ್ರಿ ಮಾವನವರನ್ನು ಕೇಳಿದಾಗ, “ನನ್ನ ಗುರು ಹೇಳಿದ್ದು, ನಾನು ಹೇಳಿದೆ, ನೀನೂ ಹೇಳು ಮಾಣಿ” ಎಂದಿದ್ದರು. ನೂರು ವರ್ಷದ ಹಿಂದಿನ ಒಂದು ಕಂಪೆನಿಯ ಹೆಸರು ಇಂಗ್ಲಿಷು ಬಾರದವರ ಬಾಯಿಯಲ್ಲಿ ಹೀಗೆ ಉಳಿದುಕೊಂಡಿರುವುದನ್ನು ನೆನೆದರೆ ನನಗೆ ಈಗಲೂ ಸೋಜಿಗವಾಗುತ್ತದೆ.

ಇನ್ನು ಲೆಕ್ಕ ಮಾಡಿರಿ. ನಾಲ್ಕು ಸಿಲಿಂಡರಿನ ಎಂಜಿನು ಒಂದು ಸುತ್ತು ತಿರುಗಿದರೆ ಎರಡು ಕಿಡಿ. ನಿಮಿಷಕ್ಕೆ 3,000 ಸುತ್ತಾದರೆ 6,000 ಕಿಡಿ. ಎಂದರೆ ಸೆಕೆಂಡಿಗೆ ನೂರು. ಒಂದು ತಾಸು ಹಾಗೆ ಓಡಿದರೆ ಆ ಪುಟ್ಟ ತೋಳು 3,60,000 ಸಲ ಎದ್ದು ಕೂರುತ್ತದೆ. ಅಷ್ಟು ಸಲ ಹಿಮ್ಮಡಿ ಉಜ್ಜುತ್ತದೆ, ಅಷ್ಟು ಸಲ ಗುಂಡಿಗಳು ಸ್ವಲ್ಪ ಸುಡುತ್ತವೆ. ಹಿಮ್ಮಡಿ ಸವೆದಂತೆಲ್ಲ ಸಂದು ಕಿರಿದಾಗುತ್ತದೆ. ಸಂದು ಕಿರಿದಾದಂತೆಲ್ಲ ಗುಂಡಿಗಳು ತಡವಾಗಿ ಬಿಚ್ಚಿ ಕಿಡಿಯು ಹಿಂದೆ ಬೀಳುತ್ತದೆ. ಆದುದರಿಂದಲೇ ಕೆಲವು ಸಾವಿರ ಕಿಲೊಮೀಟರಿಗೊಮ್ಮೆ ಮುಚ್ಚಳ ತೆಗೆದು, ಗುಂಡಿಗಳನ್ನು ಉಜ್ಜಿ, ಉಕ್ಕಿನ ಎಲೆಯ ಗೇಜನ್ನು ನಡುವೆ ತೂರಿಸಿ ಸಂದನ್ನು ಸರಿಪಡಿಸಬೇಕಾಗುತ್ತಿತ್ತು. ಮೇಸ್ತ್ರಿ ಮಾವನವರಿಗೆ ಗೇಜು ಕೇವಲ ಒಂದು ಮರ್ಯಾದೆಗೆ. ಅವರು ಸಂದನ್ನು ಕಣ್ಣಿನಲ್ಲಿ ಅಳೆಯುತ್ತಿದ್ದರು. ಆಮೇಲೆ ಡೆಲ್ಕೋವನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತ, ತಲೆಯನ್ನು ಓರೆ ಮಾಡಿ ಎಂಜಿನಿನ ಸದ್ದನ್ನು ಕೇಳುತ್ತ, ಒಂದು ಕಡೆ ನಿಲ್ಲಿಸಿ ತಿರುಪನ್ನು ಬಿಗಿಯುತ್ತಿದ್ದರು. ಆ ಬಳಿಕ ನಾನು ಟೈಮಿಂಗ್ ದೀಪವನ್ನು ಹಿಡಿದು ನೋಡಿದರೆ ಗೆರೆಯು ಸರಿಯಾಗಿ ಗುರುತಿನ ಮೇಲೆಯೇ ಇರುತ್ತಿತ್ತು. ಇಂಥ ವಿದ್ಯೆಯನ್ನು ಕಣ್ಣಾರೆ ಕಂಡವನು ಪಾಯಿಂಟನ್ನು ತೆಗೆದು ಬಿಸಾಡಿರೆಂದು ಹಗುರವಾಗಿ ಹೇಳಲಾರನು.

ಹಾಗಿದ್ದೂ ನಾನು ಹೇಳುತ್ತಿದ್ದೇನೆ. ಏಕೆಂದರೆ 2019ರ ಜುಲೈ ತಿಂಗಳ ಒಂದು ರಾತ್ರಿಯನ್ನು ನಾನು ಮರೆತಿಲ್ಲ.

ಅಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಅತ್ತೆಯವರಿಗೆ, ಎಂದರೆ ಮೇಸ್ತ್ರಿ ಮಾವನವರ ಮನೆಯವರಿಗೆ, ಉಸಿರು ಕಟ್ಟಿದಂತಾಯಿತು. ಹೊರಗೆ ಮಳೆಯು ಬಿಡದೆ ಹೊಯ್ಯುತ್ತಿತ್ತು. ಮಾವನವರು ನನಗೆ ಫೋನು ಮಾಡಿದರು, ನಾನು ಓಡಿದೆನು. ಬಿಳಿಯ ಗಾಡಿಯ ಹಿಂದಿನ ಸೀಟಿನಲ್ಲಿ ಅತ್ತೆಯವರನ್ನು ಒರಗಿಸಿ ಆಸ್ಪತ್ರೆಯ ದಾರಿ ಹಿಡಿದೆವು. ಸಾಯನ್ ಇನ್ನೂ ದೂರವಿರುವಾಗಲೇ ಎಂಜಿನು ಎರಡು ಸಲ ಕೆಮ್ಮಿ ನಿಂತುಹೋಯಿತು. ಮಾವನವರಿಗೆ ಗಾಬರಿಯೇನೂ ಆಗಲಿಲ್ಲ. ಕೊಡೆ ಬಿಡಿಸಿ ನನ್ನ ಕೈಗಿತ್ತು ಬಾನೆಟ್ ಎತ್ತಿ, ಮುಚ್ಚಳ ತೆಗೆದು, “ಪಾಯಿಂಟು ಬಿಚ್ಚುತ್ತಾ ಇಲ್ಲ ಮಾರಾಯ” ಎಂದರು. ರೋಗವನ್ನು ಹಿಡಿಯಲು ಅವರಿಗೆ ಅರ್ಧ ನಿಮಿಷ ಸಾಕಾಯಿತು. ಆದರೆ ಮದ್ದು ಮಾಡಲು ಆಗಲಿಲ್ಲ. ಅವರಿಗೆ ಆಗ ಎಪ್ಪತ್ತು ದಾಟಿತ್ತು, ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿತ್ತು, ಕೈ ನಡುಗುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಆ ಸಂದು ಅವರಿಗೆ ಕಾಣಲೇ ಇಲ್ಲ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರನೆಯ ಸಲ ಚಿಕ್ಕ ತಿರುಪೇ ಕೆಳಗೆ ಬಿದ್ದು ರಸ್ತೆಯ ನೀರಿನಲ್ಲಿ ಹೋಯಿತು. ಆಗ ಅವರು ಏನೂ ಮಾತಾಡದೆ ಸ್ಕ್ರೂಡ್ರೈವರನ್ನು ನನ್ನ ಕೈಯಲ್ಲಿಟ್ಟರು. ಕೆಲಸ ಬಿಟ್ಟು ಏಳು ವರ್ಷವಾಗಿದ್ದ ನನ್ನ ಕೈಗೂ ಅದು ಸಾಗಲಿಲ್ಲ. ಕಡೆಗೆ ಒಬ್ಬ ರಿಕ್ಷಾದವನು ಕರುಣೆಯಿಂದ ನಿಲ್ಲಿಸಿ ಅತ್ತೆಯವರನ್ನು ಆಸ್ಪತ್ರೆಗೆ ಮುಟ್ಟಿಸಿದನು. ಅವರು ಗುಣವಾಗಿ ಹತ್ತು ದಿನಕ್ಕೆ ಮನೆಗೆ ಬಂದರು.

ಮರುದಿನ ಬಿಸಿಲಿನಲ್ಲಿ ನೋಡಿದರೆ, ಒಂದು ತಿಂಗಳ ಹಿಂದಷ್ಟೇ ಹಾಕಿದ್ದ ಹೊಸ ಪಾಯಿಂಟಿನ ಹಿಮ್ಮಡಿಯು ಸೋಪಿನಂತೆ ಸವೆದುಹೋಗಿತ್ತು. ಹಿಂದೆ ಅಂಥದು ಒಂದು ವರ್ಷ ಬಾಳುತ್ತಿತ್ತು. ಹಳೆಯ ಗಾಡಿಗಳು ಕಡಿಮೆಯಾದಂತೆ ಅವುಗಳ ಸಾಮಾನನ್ನು ಶ್ರದ್ಧೆಯಿಂದ ಮಾಡುವವರೂ ಕಡಿಮೆಯಾದರು. ಪೆಟ್ಟಿಗೆಯ ಮೇಲೆ ಚಂದದ ಹೆಸರಿರುತ್ತದೆ, ಒಳಗಿನ ಮಾಲು ಬೇರೆ. ಕಂಡೆನ್ಸರಿನ ಕಥೆಯೂ ಇದೇ. ‘ಇದ್ದುದಿದ್ದಂತೆಯೇ ಕಾಪಾಡಬೇಕು’ ಎನ್ನುವ ನಮ್ಮ ವಾದಿಯನ್ನು ನಾನು ಇಲ್ಲಿಯೇ ನಿಲ್ಲಿಸಿ ಕೇಳುತ್ತೇನೆ: ಕಾಪಾಡುವುದೆಂದರೆ ಯಾವುದನ್ನಪ್ಪಾ? ಅಂಗಡಿಯಲ್ಲಿ ಇಂದು ಸಿಗುವ ಆ ಪಾಯಿಂಟು 1970ರ ದಶಕದ ಪಾಯಿಂಟಲ್ಲ. ಅದು ಇಂದಿನ ಕಳಪೆ ವಸ್ತು, ಹಳೆಯದರ ವೇಷ ಹಾಕಿಕೊಂಡದ್ದು ಅಷ್ಟೆ.

ಇನ್ನು ಹೊಸದರ ಸ್ವರೂಪವನ್ನು ಹೇಳುತ್ತೇನೆ. ಎಲೆಕ್ಟ್ರಾನಿಕ್ ಎಂದೊಡನೆ ಗಾಡಿಗೆ ಕಂಪ್ಯೂಟರನ್ನು ತುರುಕುತ್ತಾರೆಂದು ಭಾವಿಸಬೇಡಿರಿ. ಡೆಲ್ಕೋ ಅದೇ, ಮುಚ್ಚಳ ಅದೇ, ಕಾಯಿಲ್ ಸಾಧಾರಣವಾಗಿ ಅದೇ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದೆ ತರುವ ಪುಟ್ಟ ತೂಕಗಳೂ ಅವೇ. ಪಾಯಿಂಟೂ ಕಂಡೆನ್ಸರೂ ಕುಳಿತಿದ್ದ ಜಾಗದಲ್ಲಿ ಬೆರಳಿನಷ್ಟರ ಒಂದು ಕಪ್ಪು ತುಂಡು ಕೂರುತ್ತದೆ. ತಿರುಗುವ ದಂಡಕ್ಕೆ, ರೋಟರಿನ ಕೆಳಗೆ, ನಾಲ್ಕು ಅಯಸ್ಕಾಂತಗಳಿರುವ ಒಂದು ಬಳೆಯನ್ನು ತೊಡಿಸುತ್ತಾರೆ. ಒಂದೊಂದು ಅಯಸ್ಕಾಂತವೂ ಎದುರಿಗೆ ಹಾದುಹೋಗುವಾಗ ಕಪ್ಪು ತುಂಡಿಗೆ ಅದು ತಿಳಿಯುತ್ತದೆ. ಎಡ್ವಿನ್ ಹಾಲ್ ಎಂಬವನು 1879ರಲ್ಲಿ ಕಂಡ ಒಂದು ಪರಿಣಾಮವೇ ಇದಕ್ಕೆ ಆಧಾರ: ಪ್ರವಾಹವು ಹರಿಯುತ್ತಿರುವ ತೆಳು ಹಾಳೆಗೆ ಅಡ್ಡಲಾಗಿ ಕಾಂತಕ್ಷೇತ್ರವನ್ನು ತಂದರೆ ಹಾಳೆಯ ಎರಡು ಅಂಚುಗಳ ನಡುವೆ ಸ್ವಲ್ಪ ವೋಲ್ಟು ತೋರುತ್ತದೆ. ಆ ಸುಳಿವನ್ನು ಹಿಡಿದು ಒಳಗಿರುವ ಟ್ರಾನ್ಸಿಸ್ಟರು ಕಾಯಿಲಿನ ಪ್ರವಾಹವನ್ನು ಕಡಿಯುತ್ತದೆ. ಟ್ರಾನ್ಸಿಸ್ಟರು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅದು ಮೋಟಾರಿನ ಬಾನೆಟ್ಟಿನ ಬಿಸಿಯನ್ನೂ ಕುಲುಕಾಟವನ್ನೂ ತಡೆದುಕೊಳ್ಳುವಷ್ಟು ಗಟ್ಟಿಯಾಗಲು ಕೆಲವು ಕಾಲ ಹಿಡಿಯಿತು. 1973ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯು ತನ್ನ ಗಾಡಿಗಳಿಗೆಲ್ಲ ಇಂಥ ಕಿಡಿಯನ್ನೇ ಕೊಟ್ಟಿತು. ಅಯಸ್ಕಾಂತಕ್ಕೆ ಬದಲಾಗಿ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಳಸುವ ಬಗೆಯೂ ಉಂಟು. ಬಗೆ ಯಾವುದೇ ಇರಲಿ, ಮುಖ್ಯ ಸಂಗತಿಯೊಂದೇ: ಉಜ್ಜುವುದು ಯಾವುದೂ ಇಲ್ಲ. ಉಜ್ಜದ ಮೇಲೆ ಸವೆಯುವುದೆಲ್ಲಿಂದ? ಸವೆಯದ ಮೇಲೆ ಸಂದು ಕಿರಿದಾಗುವುದೆಲ್ಲಿಂದ?

ಇಷ್ಟು ಹೇಳಿದ ಮೇಲೆ ಅಂಗಡಿಯವರ ಬಣ್ಣದ ಮಾತಿಗೂ ಒಂದು ತಡೆ ಹಾಕಬೇಕು. ಇದನ್ನು ಹಾಕಿದೊಡನೆ ಗಾಡಿಯು ಕುದುರೆಯಂತೆ ಹಾರುತ್ತದೆ, ಪೆಟ್ರೋಲ್ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಅದೇ ಕಾಯಿಲಿನಿಂದ, ಸರಿಯಾಗಿ ಕೂರಿಸಿದ ಒಳ್ಳೆಯ ಪಾಯಿಂಟಿನಿಂದ ಬರುವ ಕಿಡಿಗೂ ಇದರಿಂದ ಬರುವ ಕಿಡಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವಿರುವುದು ಆರು ತಿಂಗಳ ಬಳಿಕ. ಪಾಯಿಂಟಿನ ಕಿಡಿಯು ಅಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ. ಇದರ ಕಿಡಿಯು ಕೂರಿಸಿದ ದಿನ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ಇನ್ನು, ಡೆಲ್ಕೋವಿನ ದಂಡವು ಸಡಿಲವಾಗಿ ಅಲ್ಲಾಡುತ್ತಿದ್ದರೆ, ಒಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಅದಕ್ಕೆ ಇದು ಮದ್ದಲ್ಲ. ಕುಲಗೆಟ್ಟ ಎಂಜಿನಿಗೆ ಹೊಸ ಕಿಡಿ ಕೊಟ್ಟು, ಆಮೇಲೆ ಕಿಡಿಯನ್ನೇ ಬೈಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮೇಸ್ತ್ರಿ ಮಾವನವರು ಸುಲಭಕ್ಕೆ ಒಪ್ಪಲಿಲ್ಲ. ಆರು ತಿಂಗಳು ನಾನು ಹೇಳಿದೆನು, ಆರು ತಿಂಗಳು ಅವರು ತಲೆಯಾಡಿಸಿದರು. ಅದು ಬರಿಯ ಹಟವೆಂದು ತಿಳಿಯಬೇಡಿರಿ. ಅವರ ಒಂದು ವಾದಕ್ಕೆ ನನ್ನಲ್ಲಿ ಇಂದಿಗೂ ಪೂರ್ತಿ ಉತ್ತರವಿಲ್ಲ. “ಪಾಯಿಂಟು ಸಾಯುವ ಮೊದಲು ಕೆಮ್ಮುತ್ತದೆ, ನರಳುತ್ತದೆ, ನಾಲ್ಕು ದಿನ ಮೊದಲೇ ಹೇಳುತ್ತದೆ. ಕೇಳುವ ಕಿವಿ ಇದ್ದರೆ ಸಾಕು. ನಿನ್ನ ಈ ಡಬ್ಬಿ ಹೇಳದೆ ಕೇಳದೆ ಸಾಯುತ್ತದೆ. ಸತ್ತ ಮೇಲೆ ದಾರಿಯಲ್ಲಿ ಏನು ಮಾಡುತ್ತೀ? ಪಾಯಿಂಟಾದರೆ ಬೆಂಕಿಪೆಟ್ಟಿಗೆಯ ಮಗ್ಗುಲಿಗೆ ಉಜ್ಜಿಯಾದರೂ ಮನೆ ಸೇರಬಹುದು” ಎಂದರು ಅವರು. ಇದು ನಿಜ. ಪಾಯಿಂಟು ಕಣ್ಣಿಗೆ ಕಾಣುವ ಯಂತ್ರ. ಅದರ ರೋಗವೂ ಕಾಣುತ್ತದೆ, ಚಿಕಿತ್ಸೆಯೂ ಕಾಣುತ್ತದೆ. ರಾಳದಲ್ಲಿ ಮುಳುಗಿಸಿ ಮುಚ್ಚಿದ ಕಪ್ಪು ತುಂಡನ್ನು ಬಿಚ್ಚಿ ನೋಡುವಂತಿಲ್ಲ. ಅವರ ಇನ್ನೊಂದು ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಆದರೆ ನನಗೆ ಅದು ಕೇಳಿಸುತ್ತಿತ್ತು. ಐವತ್ತು ವರ್ಷ ಸಂಪಾದಿಸಿದ ಕಣ್ಣು, ಕಿವಿ, ಕೈಗಳ ವಿದ್ಯೆಯನ್ನು ಅಂಗಡಿಯಿಂದ ತಂದ ಡಬ್ಬಿಯೊಂದು ಎರಡು ತಿರುಪುಗಳಲ್ಲಿ ಮುಗಿಸಿಬಿಡುವುದಾದರೆ, ಅಷ್ಟು ವರ್ಷ ತಾವು ಮಾಡಿದ್ದೇನು?

ಕಡೆಗೆ ಅವರನ್ನು ಒಪ್ಪಿಸಿದುದು ನನ್ನ ವಾದವಲ್ಲ, ಅತ್ತೆಯವರ ಒಂದು ಮಾತು. “ಇನ್ನೊಂದು ಸಲ ನಾನು ಮಳೆಯಲ್ಲಿ ಕೂರುವುದಿಲ್ಲ” ಎಂದು ಅವರು ಹೇಳಿದರು. 2020ರ ಫೆಬ್ರವರಿಯ ಒಂದು ಭಾನುವಾರ ನಾನೂ ಮಾವನವರೂ ಕೂಡಿ ಹೊಸ ತುಂಡನ್ನು ಕೂರಿಸಿದೆವು. ಕೆಂಪು ತಂತಿ ಕಾಯಿಲಿನ ಧನ ತುದಿಗೆ, ಕಪ್ಪು ತಂತಿ ಋಣ ತುದಿಗೆ. ಇಲ್ಲಿ ತಪ್ಪಿದರೆ ಟ್ರಾನ್ಸಿಸ್ಟರು ಆ ಕ್ಷಣವೇ ಸುಟ್ಟುಹೋಗುತ್ತದೆ. ಪಾಯಿಂಟಿಗಾದರೆ ಪ್ರವಾಹ ಅತ್ತಣಿಂದ ಬಂದರೇನು ಇತ್ತಣಿಂದ ಬಂದರೇನು! ಬ್ರಿಟಿಷರ ಹಳೆಯ ಗಾಡಿಗಳಲ್ಲಿ ಎಷ್ಟೋ ಮಾದರಿಗಳಿಗೆ ಬ್ಯಾಟರಿಯ ಧನ ತುದಿಯನ್ನೇ ಗಾಡಿಯ ಮೈಗೆ ಕಟ್ಟಿರುತ್ತಿದ್ದರು. ಅಂಥವುಗಳಿಗೆ ಬೇರೆ ಬಗೆಯ ತುಂಡೇ ಬೇಕು. ಕಾಯಿಲಿನ ತಡೆ ಎಷ್ಟು ಓಮ್ ಎಂದು ಮೊದಲೇ ಅಳೆದು, ತುಂಡಿನ ಜೊತೆ ಬಂದ ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ತಡೆ ತೀರ ಕಡಿಮೆಯಾದರೆ ಹೆಚ್ಚು ಪ್ರವಾಹ ಹರಿದು ತುಂಡು ಕಾದು ಕೆಡುತ್ತದೆ. ಪ್ಲಗ್ಗಿನ ತಂತಿಗಳು ಬರಿಯ ತಾಮ್ರದವಾಗಿರದೆ ತಡೆಯುಳ್ಳವಾಗಿರಬೇಕು. ಇವೆಲ್ಲವನ್ನೂ ನಾನು ಓದಿ ಬರೆದುಕೊಂಡು ಹೋಗಿದ್ದೆ. ಮಾವನವರು ತಾಳ್ಮೆಯಿಂದ ಕೇಳಿದರು. ಗಾಡಿಯು ಮೊದಲ ತಿರುವಿಗೇ ಎದ್ದಿತು. ಅವರು ಅಭ್ಯಾಸದಂತೆ ತಲೆಯನ್ನು ಓರೆ ಮಾಡಿ, ಡೆಲ್ಕೋವನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿದರು. ಆ ಕೆಲಸವು ಹೊಸ ತುಂಡಿಗೂ ಬೇಕೇ ಬೇಕು. ಕಿಡಿಯನ್ನು ಯಾವಾಗ ಹಾರಿಸಬೇಕೆಂಬುದನ್ನು ಅದಕ್ಕೆ ಯಾರಾದರೂ ಹೇಳಿಕೊಡಬೇಕಷ್ಟೆ. ಅಂದು ಅವರ ಮುಖದಲ್ಲಿದ್ದ ಸಂಶಯವು ಸ್ವಲ್ಪ ಸಡಿಲಿದುದನ್ನು ನಾನು ಕಂಡೆನು.

ಎರಡು ವಾರದ ಬಳಿಕ ನಾನು ಮಾಡಿದ ತಪ್ಪನ್ನೂ ಹೇಳದಿದ್ದರೆ ಈ ಲೇಖನವು ಪ್ರಾಮಾಣಿಕವಾಗದು. ಪೆಟ್ರೋಲ್ ಎಷ್ಟಿದೆಯೆಂದು ನೋಡಲು ಕೀಲಿ ತಿರುಗಿಸಿದವನು ಅದನ್ನು ಹಾಗೆಯೇ ಬಿಟ್ಟು, ಅತ್ತೆಯವರು ಕೊಟ್ಟ ಚಹಾ ಕುಡಿಯುತ್ತ, ರಾಜಕೀಯ ಮಾತಾಡುತ್ತ ಮುಕ್ಕಾಲು ತಾಸು ಕುಳಿತುಬಿಟ್ಟೆನು. ಎಂಜಿನು ತಿರುಗದೆ ಕೀಲಿಯು ಮಾತ್ರ ತೆರೆದಿದ್ದರೆ ನಮ್ಮಲ್ಲಿದ್ದಂಥ ತುಂಡಿನಲ್ಲಿ ಪ್ರವಾಹವು ಬಿಡದೆ ಹರಿದು ಅದು ಬೇಯುತ್ತದೆ. ಅದೂ ಕಾಗದದಲ್ಲಿ ಅಚ್ಚಾಗಿತ್ತು. ನಾನೇ ಗೆರೆ ಎಳೆದಿದ್ದೆ! ಆಮೇಲೆ ಎಷ್ಟು ತಿರುಗಿಸಿದರೂ ಎಂಜಿನು ಏಳಲಿಲ್ಲ. ಮಾವನವರು ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ, ತೆಗೆದಿಟ್ಟಿದ್ದ ಹಳೆಯ ತಟ್ಟೆಯನ್ನು, ಅದರ ಮೇಲೆ ತಾವು ಮೊದಲೇ ಸಂದು ಸರಿಮಾಡಿ ಕೂರಿಸಿಟ್ಟಿದ್ದ ಒಂದು ಒಳ್ಳೆಯ ಪಾಯಿಂಟಿನೊಡನೆ ತಂದು, ಹಗಲ ಬೆಳಕಿನಲ್ಲಿ, ಬಹುಮಟ್ಟಿಗೆ ಬೆರಳಿನ ಸ್ಪರ್ಶದಿಂದಲೇ, ಅರ್ಧ ತಾಸಿನಲ್ಲಿ ಜೋಡಿಸಿ ಗಾಡಿಯನ್ನು ಎಬ್ಬಿಸಿದರು. ಆಮೇಲೆ ನಕ್ಕರು. ಅವರು ಅಷ್ಟು ಗಟ್ಟಿಯಾಗಿ ನಕ್ಕುದನ್ನು ನಾನು ಆ ಹಿಂದೆ ಕಂಡಿರಲಿಲ್ಲ. ಹೊಸ ತುಂಡಿನ ಹಣವನ್ನು ನಾನೇ ಕೊಟ್ಟೆನು.

ಈ ಅನುಭವದಿಂದ ನನ್ನ ಮತವು ಬದಲಾಗಲಿಲ್ಲ, ಆದರೆ ಅದಕ್ಕೆ ಎರಡು ಷರತ್ತುಗಳು ಸೇರಿದವು. ದಿನವೂ ರಸ್ತೆಗಿಳಿಯುವ, ಮನುಷ್ಯರನ್ನು ಹೊರುವ ಹಳೆಯ ಗಾಡಿಗೆ ಹೊಸ ಕಿಡಿಯನ್ನು ಹಾಕಬೇಕು. ಆದರೆ ಹಾಕುವಾಗ ಗಾಡಿಯ ಒಂದು ಹಳೆಯ ತಂತಿಯನ್ನೂ ಕತ್ತರಿಸಬಾರದು, ಎಲ್ಲಿಯೂ ಹೊಸ ತೂತು ಕೊರೆಯಬಾರದು. ತೆಗೆದ ಪಾಯಿಂಟು, ಕಂಡೆನ್ಸರ್, ತಟ್ಟೆ, ತಿರುಪು ಇವೆಲ್ಲ ಒಂದು ಡಬ್ಬಿಯಲ್ಲಿ ಗಾಡಿಯೊಳಗೇ ಇರಬೇಕು. ಹಾಗೆ ಮಾಡಿದರೆ ನಮ್ಮ ವಾದಿ ಹುಡುಗನ ಪದ್ಮಿನಿಗೆ ಏನು ನಷ್ಟವಾಯಿತು? ಅದು ಅರ್ಧ ತಾಸಿನಲ್ಲಿ ಮತ್ತೆ ಮೊದಲಿನಂತಾಗಬಲ್ಲುದು. ಐವತ್ತು ವರ್ಷಕ್ಕೆ ಮೀರಿದ ಗಾಡಿಗಳನ್ನು ಮೂಲ ರೂಪದಲ್ಲಿ ಉಳಿಸಿಕೊಂಡವರಿಗೆ ‘ವಿಂಟೇಜ್’ ಎಂಬ ಬೇರೆ ನೋಂದಣಿಯನ್ನು ಭಾರತ ಸರಕಾರವು 2021ರಲ್ಲಿ ಏರ್ಪಡಿಸಿತು. ಅಂಥ ಗಾಡಿಯನ್ನು ಪ್ರದರ್ಶನಕ್ಕೆಂದೇ ಇಟ್ಟುಕೊಂಡು ವರ್ಷಕ್ಕೆರಡು ಸಲ ಹೊರತೆಗೆಯುವವರು ಪಾಯಿಂಟನ್ನೇ ಉಳಿಸಿಕೊಳ್ಳಲಿ. ಸಂಗ್ರಹಾಲಯದ ಗಾಡಿಯಲ್ಲಂತೂ ಅದು ಇರಲೇಬೇಕು. ಅಲ್ಲಿ ನಾನು ಹುಡುಗನ ಪಕ್ಷ. ಆದರೆ ಎದುಸಿರು ಬಿಡುತ್ತಿರುವ ಒಬ್ಬ ಹೆಂಗಸು ಹಿಂದಿನ ಸೀಟಿನಲ್ಲಿರುವಾಗ ಮೂಲರೂಪವೆಂಬ ಮಾತನ್ನು ಯಾರೂ ನನ್ನೆದುರು ಎತ್ತಬಾರದು.

ಎರಡನೆಯ ಷರತ್ತು ನಿಮಗೆ, ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಕೆಲವರು ಐ.ಟಿ.ಐ. ಸೇರುವಿರಿ, ಕೆಲವರು ಎಂಜಿನಿಯರಾಗುವಿರಿ. ಕಪ್ಪು ತುಂಡನ್ನು ಕೂರಿಸಲು ಕಲಿಯುವ ಮೊದಲು ಒಂದು ಸಲವಾದರೂ ಪಾಯಿಂಟನ್ನು ಬಿಚ್ಚಿ, ಉಜ್ಜಿ, ಸಂದು ಇಟ್ಟು, ಕಿಡಿ ಬರಿಸಿ ನೋಡಿರಿ. ಕಂಡೆನ್ಸರಿನ ತಂತಿಯನ್ನು ಬಿಡಿಸಿ ನೋಡಿ, ಗುಂಡಿಗಳ ನಡುವೆ ನೀಲಿಯ ಬೆಳಕು ಹೊತ್ತುವುದನ್ನು ಕಾಣಿರಿ. ಆಮೇಲೆ ಟ್ರಾನ್ಸಿಸ್ಟರು ಯಾರ ಕೆಲಸವನ್ನು ಮಾಡುತ್ತಿದೆಯೆಂದು ನಾನು ಹೇಳಿಕೊಡಬೇಕಾಗಿಲ್ಲ. ಈಗಿನ ಗ್ಯಾರೇಜುಗಳ ಹುಡುಗರಲ್ಲಿ ಪಾಯಿಂಟನ್ನು ಕಣ್ಣಿನಿಂದ ಕಂಡವರೇ ವಿರಳ. ಅದು ಅವರ ತಪ್ಪಲ್ಲ, ತೋರಿಸುವವರು ಇರಲಿಲ್ಲ. ಇಲ್ಲಿ ತೋರಿಸುವವರು ಇನ್ನೂ ಇದ್ದಾರೆ.

ಮೇಸ್ತ್ರಿ ಮಾವನವರ ಎರಡೂ ಕಣ್ಣುಗಳ ಪೊರೆಯನ್ನು 2021ರಲ್ಲಿ ತೆಗೆದರು, ದೃಷ್ಟಿಯು ಚೆನ್ನಾಗಿದೆ. ಕೈನಡುಕ ಮಾತ್ರ ಹಾಗೆಯೇ ಇದೆ. ಗ್ಯಾರೇಜು ಮುಚ್ಚಿ ಕೆಲವು ವರ್ಷವಾಯಿತು. ನಮ್ಮ ಪ್ರಯೋಗಶಾಲೆಗೆಂದು ಅವರು ಒಂದು ಹಳೆಯ ಡೆಲ್ಕೋ, ಒಂದು ಕಾಯಿಲ್, ನಾಲ್ಕು ಪ್ಲಗ್ಗುಗಳನ್ನು ಹಲಗೆಯ ಮೇಲೆ ಜೋಡಿಸಿ ಕೊಟ್ಟಿದ್ದಾರೆ. ಹಿಡಿಯನ್ನು ತಿರುಗಿಸಿದರೆ ನಾಲ್ಕೂ ಕಡೆ ಒಂದರ ಬಳಿಕ ಒಂದರಂತೆ ಕಿಡಿ ಹಾರುತ್ತದೆ. ಹಲಗೆಯ ಒಂದು ಕಡೆ ಪಾಯಿಂಟಿನ ತಟ್ಟೆ, ಇನ್ನೊಂದು ಕಡೆ ಹೊಸ ತುಂಡಿನ ತಟ್ಟೆ ಇದೆ. ಬೇಕಾದುದನ್ನು ಹಾಕಿ ನೋಡಬಹುದು. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ ಇರುತ್ತೇನೆ. ನಾಲ್ಕು ನಾಲ್ಕು ಮಂದಿಯಾಗಿ ಬನ್ನಿರಿ, ಕೈ ಒಣಗಿರಲಿ. ಇಪ್ಪತ್ತು ಸಾವಿರ ವೋಲ್ಟಿನ ಪೆಟ್ಟು ತಿಂದವನು ಅದನ್ನು ಮರೆಯಲಾರನು. ಚರ್ಚೆಯಲ್ಲಿ ಬಹುಮಾನ ಪಡೆದ ಹುಡುಗನು ಮೊದಲ ಗುಂಪಿನಲ್ಲಿಯೇ ಬರಲಿ. ಅವನ ತಿರುಪನ್ನು ಅವನೇ ಬಿಗಿಯಲಿ.